ಶೋಧಯಾತ್ರೆಗೆ ಖರ್ಚು ಕೊಡುವವರು ಯಾರು?



ಕಳೆದ ಆಡಳಿತ ಮಂಡಲಿಯ ಸಭೆಯಲ್ಲಿ ಗೊಬ್ಬರದ ದಾಸ್ತಾನು, ಸಾಲದ ಬಾಕಿ, ತೂಕದ ಯಂತ್ರದ ದುರಸ್ತಿ ಎಲ್ಲವೂ ಮುಗಿದು ಮಂಡಕ್ಕಿ ಮೆಣಸಿನಕಾಯಿ ಬಂದ ಮೇಲೆ ನಾವು ಒಂದು ಅರ್ಜಿಯನ್ನು ಓದಿದೆವು. ಅರ್ಜಿದಾರರು ನಾಲ್ವರು. ಒಬ್ಬರು ಕೃಷಿಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ಉಳಿದ ಮೂವರು ಅವರ ಶಿಷ್ಯರು, ಅವರಲ್ಲಿ ಇಬ್ಬರು ನಮ್ಮ ಸದಸ್ಯರ ಮಕ್ಕಳೇ. ಹೊಳಲ್ಕೆರೆಯಿಂದ ಹೊರಟು ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ತೋಟಗಳನ್ನು ಹಾಯ್ದು, ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರದಲ್ಲಿ ಮುಗಿಸುವ ಇಪ್ಪತ್ತೈದು ದಿನಗಳ ಶೋಧಯಾತ್ರೆಯೊಂದಕ್ಕೆ ಸಂಘದಿಂದ ಧನಸಹಾಯ ಬೇಕೆಂದು ಅವರು ಕೇಳಿದ್ದರು.

ಶೋಧನೆ ಯಾತರದು? 2016-17ರ ಬರಗಾಲವನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ಕೊಳವೆಬಾವಿ ಬತ್ತಿತು, ಟ್ಯಾಂಕರ್ ನೀರಿಗೆ ಸಾಲ ಮಾಡಿದೆವು, ಕೊನೆಗೆ ಸುಳಿ ಒಣಗಿದ ಮರಗಳನ್ನು ನಾವೇ ಕಡಿದು ಸಾಗಿಸಿದೆವು. ಹಾಗೆ ತೋಟಕ್ಕೆ ತೋಟವೇ ಹೋದ ಕಡೆಗಳಲ್ಲಿಯೂ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿಯೇ ನಿಂತಿದ್ದನ್ನು ಕಂಡಿದ್ದೇವೆ. ಆ ಮರಗಳನ್ನು ಒಂದೊಂದಾಗಿ ಹುಡುಕಿ, ಅವು ನಿಂತ ಮಣ್ಣು, ಪಕ್ಕದ ಬಾವಿಯ ಆಳ, ಮರದ ವಯಸ್ಸು, ಗೊನೆಯ ಲೆಕ್ಕ ಬರೆದುಕೊಂಡು, ಮುಂದಿನ ವರ್ಷ ಅವುಗಳ ಬೀಜದಿಂದ ಸಸಿ ಎಬ್ಬಿಸಿ ನೋಡಬೇಕೆಂಬುದು ಅವರ ಉದ್ದೇಶ. ಕೇಳಿದ ಮೊತ್ತ ಒಂದು ಕೊಳವೆಬಾವಿ ಕೊರೆಸುವ ಖರ್ಚಿನಲ್ಲಿ ಅರ್ಧವೂ ಇಲ್ಲ.

ಹಿರಿಯ ನಿರ್ದೇಶಕರೊಬ್ಬರು ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು, "ಅಲ್ರೀ ಕಾರ್ಯದರ್ಶಿಗಳೇ, ಊರೂರು ತಿರುಗಾಕೆ ಸಂಘದ ದುಡ್ಡು ಯಾಕ್ರೀ? ಯಾವ ತೋಟದಾಗೆ ಯಾವ ಮರ ಉಳಿದೈತೆ ಅಂತ ಆ ತೋಟದ ಯಜಮಾನನ್ನ ಕೇಳಿದ್ರೆ ಅವನೇ ಹೇಳ್ತಾನೆ" ಎಂದರು. ಸುತ್ತ ಕುಳಿತವರು ತಲೆಯಾಡಿಸಿದರು. ಹಣ ಸದಸ್ಯರದು, ಆದ್ದರಿಂದ ಮಹಾಸಭೆಯೇ ತೀರ್ಮಾನಿಸಲಿ ಎಂದು ಅರ್ಜಿಯನ್ನು ಮುಂದೂಡಿದ್ದಾಯಿತು. ಸಭೆಗೆ ಬರುವ ಮುನ್ನ ಈ ವಿಷಯದ ಹಿಂದುಮುಂದು ತಮಗೆ ತಿಳಿದಿರಲೆಂದು ಈ ಲೇಖನ ಬರೆಯುತ್ತಿದ್ದೇವೆ. ಕಾರ್ಯದರ್ಶಿಯಾದವರು ಯಾವ ಪಕ್ಷವನ್ನೂ ವಹಿಸಬಾರದೆಂಬುದು ಸರಿ. ಆದರೆ ನಮ್ಮ ಒಲವು ಎತ್ತ ಎಂಬುದನ್ನು ಮುಚ್ಚಿಟ್ಟು ಬರೆಯುವುದೂ ಮೋಸವೇ. ನಾವು ಕೊಡಬೇಕೆನ್ನುವವರ ಕಡೆ.

ಪಲ್ಲಕ್ಕಿ ಬೋಯಿಗಳ ವಾದ

ನಿರ್ದೇಶಕರ ಮಾತು ನಮಗೆ ಇನ್ನೂರು ವರ್ಷ ಹಿಂದಿನ ಒಂದು ಮಾತನ್ನು ನೆನಪಿಗೆ ತಂದಿತು. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ದಂಡಿನಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯಿದ್ದ. ನಲವತ್ತು ದಾಟಿದ ವಯಸ್ಸು, ಗಣಿತದ ಹುಚ್ಚು. ಅದೇ ಯುದ್ಧದಲ್ಲಿ ಒಂದು ರಾತ್ರಿ ದಂಡು ದಾರಿ ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದಾಗ ನಕ್ಷತ್ರ ನೋಡಿ ತಿದ್ದಿದವನು ಈತನೇ ಎನ್ನುತ್ತಾರೆ. ಯುದ್ಧ ಮುಗಿದ ವರ್ಷವೇ ಆತ ಒಂದು ಯೋಜನೆ ಬರೆದು ಮೇಲಕ್ಕೆ ಕಳಿಸಿದ. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ದಕ್ಷಿಣ ಭಾರತವನ್ನು ತ್ರಿಕೋನಗಳ ಲೆಕ್ಕದಲ್ಲಿ ಅಳೆಯಬೇಕು, ಅದರಿಂದ ನಕ್ಷೆಯೂ ಸರಿಹೋಗುತ್ತದೆ, ಭೂಮಿಯ ಆಕಾರದ ತಿಳಿವಳಿಕೆಯೂ ಬರುತ್ತದೆ ಎಂಬುದು ಅದರ ಸಾರ. ಅವನ ಪುಣ್ಯಕ್ಕೆ ಅವನಿದ್ದ ರೆಜಿಮೆಂಟಿನ ನಾಯಕ ಆರ್ಥರ್ ವೆಲ್ಲೆಸ್ಲಿ, ಆ ವೆಲ್ಲೆಸ್ಲಿಯ ಅಣ್ಣನೇ ಗವರ್ನರ್ ಜನರಲ್. 1800ರಲ್ಲಿ ಒಪ್ಪಿಗೆ ಸಿಕ್ಕಿತು. ಅರ್ಜಿಯ ಗುಣ ಎಷ್ಟೇ ಇರಲಿ, ಅದನ್ನು ಕೈಯಲ್ಲಿ ಹಿಡಿದು ಒಳಗೆ ಹೋಗುವ ಒಬ್ಬರು ಬೇಕು. ಇದು ಅಂದಿಗೂ ಇಂದಿಗೂ ಒಂದೇ.

ಒಪ್ಪಿಗೆ ಬಂದರೂ ಸಲಕರಣೆ ಎಲ್ಲಿಂದ? ಅಳತೆಗೆ ಬೇಕಾದ ಉಕ್ಕಿನ ಸರಪಳಿ ಸಿಕ್ಕಿದ ಬಗೆ ಕೇಳಿದರೆ ನಗು ಬರುತ್ತದೆ. ಚೀನಾ ಚಕ್ರವರ್ತಿಗೆ ಕಾಣಿಕೆ ಕೊಡಲೆಂದು 1793ರಲ್ಲಿ ಇಂಗ್ಲೆಂಡಿನ ರಾಯಭಾರಿ ಮೆಕಾರ್ಟ್ನಿ ಕೊಂಡೊಯ್ದ ಸಾಮಾನುಗಳಲ್ಲಿ ಅದೂ ಒಂದು. ಚಕ್ರವರ್ತಿಗೆ ಅದು ಬೇಡವಾಯಿತು. ರಾಯಭಾರಿಯ ಜೊತೆಗಿದ್ದ ಡಾಕ್ಟರ್ ಡಿನ್‌ವಿಡ್ಡಿ ಅದನ್ನು ಕಲ್ಕತ್ತೆಗೆ ತಂದಿಟ್ಟುಕೊಂಡಿದ್ದ. ಅವನಿಂದ ಅದು ಲ್ಯಾಂಬ್ಟನ್ ಕೈಗೆ ಬಂತು. ನೂರು ಅಡಿಯ ಸರಪಳಿ, ಎರಡೂವರೆ ಅಡಿಯ ನಲವತ್ತು ಕೊಂಡಿ. ಅರ್ಧ ಟನ್ ತೂಗುವ ದೊಡ್ಡ ಥಿಯೊಡೊಲೈಟ್ ಯಂತ್ರವನ್ನು ಇಂಗ್ಲೆಂಡಿನಿಂದ ತರಿಸಿದರೆ, ಅದನ್ನು ಹೇರಿದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಅಲ್ಲಿಯ ಫ್ರೆಂಚ್ ಗವರ್ನರ್ ಪೆಟ್ಟಿಗೆ ಬಿಚ್ಚಿಸಿ ನೋಡಿ, ಇದು ಯುದ್ಧದ ಸಾಮಾನಲ್ಲವೆಂದು ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟ. ಆ ಯಂತ್ರ ಕೈಗೆ ಬರುವವರೆಗೆ ಲ್ಯಾಂಬ್ಟನ್ ಸುಮ್ಮನೆ ಕೂರಲಿಲ್ಲ. 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆ ಅಳೆದ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದನ್ನು ಆರಂಭಿಸಿದ. ಏಳೂವರೆ ಮೈಲಿ ಅಳೆಯಲು 57 ದಿನ ಹಿಡಿಯಿತು. ದಿನಕ್ಕೆ ಎಷ್ಟಾಯಿತೆಂದು ತಾವೇ ಲೆಕ್ಕ ಹಾಕಿ. ನಮ್ಮ ಸರ್ವೆಯವರು ನಿಧಾನವೆಂದು ಬೈಯುವ ಮುನ್ನ ಇದು ನೆನಪಿರಲಿ.

ಇಷ್ಟು ಖರ್ಚು ಕಂಡು ಮದರಾಸಿನ ಹಣಕಾಸು ಸಮಿತಿಯ ಸದಸ್ಯನೊಬ್ಬ ಆಕ್ಷೇಪಣೆ ಎತ್ತಿದ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರು ಪಲ್ಲಕ್ಕಿಯ ಬೋಯಿಗಳ ಮುಖಂಡನಿಗೆ ಹೇಳಿದರೆ ಸಾಕು, ಅವನು ದಾರಿ ಬಲ್ಲ, ಊರೆಲ್ಲಿದೆಯೆಂದು ಗೊತ್ತುಮಾಡಲು ಇಷ್ಟು ಹಣ ಸುರಿಯಬೇಕೇ ಎಂಬುದು ಅವನ ಮಾತಿನ ಭಾವ. ನಮ್ಮ ನಿರ್ದೇಶಕರು ಹೇಳಿದ್ದೂ ಅಕ್ಷರಶಃ ಇದನ್ನೇ.

ಉತ್ತರ ಕೊಟ್ಟದ್ದು ಅಳತೆಯೇ. ತ್ರಿಕೋನಗಳು ಬೆಟ್ಟದಿಂದ ಬೆಟ್ಟಕ್ಕೆ ಹಾರಿ ಮಂಗಳೂರಿನ ಕಡಲು ಮುಟ್ಟಿದಾಗ, ಮದರಾಸಿನಿಂದ ಮಂಗಳೂರಿಗೆ ಇರುವ ನೇರ ದೂರ ಸುಮಾರು 360 ಮೈಲಿಯೆಂದು ತಿಳಿಯಿತು. ಅಲ್ಲಿಯವರೆಗಿನ ನಕ್ಷೆಗಳು 400 ಮೈಲಿಯೆಂದು ತೋರಿಸುತ್ತಿದ್ದವು. ನಲವತ್ತು ಮೈಲಿ ಅಗಲದ ಸೀಮೆ ಕಾಗದದ ಮೇಲೆ ಮಾತ್ರ ಇತ್ತು. ಬೋಯಿಗಳಿಗೆ ದಾರಿ ಗೊತ್ತಿದ್ದದ್ದು ನಿಜ, ಅವರು ಯಾರನ್ನೂ ದಾರಿ ತಪ್ಪಿಸಿರಲಿಲ್ಲ. ಆದರೆ ನಾಡಿನ ಅಗಲ ಅವರನ್ನು ಕೇಳಿ ತಿಳಿಯುವ ವಿಷಯವಾಗಿರಲಿಲ್ಲ.

ತೋಟದ ಯಜಮಾನನಿಗೆ ತನ್ನ ಮರ ಗೊತ್ತು, ಅದರಲ್ಲಿ ಸಂಶಯವಿಲ್ಲ. ಹೊಳಲ್ಕೆರೆಯ ಕೆಮ್ಮಣ್ಣಿನಲ್ಲಿ ಉಳಿದ ಮರಕ್ಕೂ ಹಿರಿಯೂರಿನ ಎರೆಯಲ್ಲಿ ಉಳಿದ ಮರಕ್ಕೂ ಏನು ಸಾಮ್ಯ, ಏನು ಭೇದ ಎಂಬುದು ಇಬ್ಬರು ಯಜಮಾನರಿಗೂ ಗೊತ್ತಿಲ್ಲ. ಅದನ್ನು ನೋಡಲು ಇಬ್ಬರ ತೋಟಕ್ಕೂ ಹೋಗುವ ಮೂರನೆಯವನೊಬ್ಬ ಬೇಕು.

ಹೊರಟವರು ಹುಡುಕಿದ್ದೇ ಸಿಗುತ್ತದೆಂಬ ಭರವಸೆಯೂ ಇಲ್ಲ. ಅದೇ ಕಾಲದಲ್ಲಿ, 1802ರಲ್ಲಿ, ಮೈಸೂರಿನ ಪೂರ್ವ ಗಡಿಯನ್ನು ಅಳೆಯಲು ಹೋದ ಜಾನ್ ವಾರನ್ ಎಂಬವನ ಕಿವಿಗೆ ಕೋಲಾರದ ಕಡೆ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಬಿತ್ತು. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿ ತಂದು ಅವನ ಕಣ್ಣೆದುರಿಗೇ ತೊಳೆದು ಚಿನ್ನದ ಕಣ ತೋರಿಸಿದರು. ಆತನ ವರದಿ ಎಷ್ಟೋ ವರ್ಷ ಹಾಗೇ ಬಿದ್ದಿತ್ತು. ಮುಂದೆ ಅಲ್ಲಿ ಏನಾಯಿತೆಂದು ಎಲ್ಲರಿಗೂ ಗೊತ್ತು. ಗಣಿ 2001ರಲ್ಲಿ ಮುಚ್ಚುವವರೆಗೆ ನಡೆಯಿತು. ಗಡಿ ಅಳೆಯಲು ಕೊಟ್ಟ ದುಡ್ಡಿನಲ್ಲಿ ಬಂದ ತಿಳಿವಳಿಕೆ ಅದು.

ಸ್ವಂತ ಜೇಬಿನಿಂದ ಕೊಟ್ಟವನು

ಲ್ಯಾಂಬ್ಟನ್‌ನ ಜೊತೆಜೊತೆಗೇ ಮೈಸೂರು ಸೀಮೆಯ ಸರ್ವೆ ನಡೆಸಿದ ಕಾಲಿನ್ ಮೆಕೆಂಜಿಯ ಕಥೆ ಬೇರೆ. ನೆಲದ ನಕ್ಷೆ ಬರೆಯುವುದು ಅವನ ಹುದ್ದೆಯ ಕೆಲಸ. ಕೈಫಿಯತ್ತು, ಶಾಸನ, ನಾಣ್ಯ, ಓಲೆಗರಿ ಕೂಡಿಸುವುದು ಮನಸ್ಸಿನ ಕೆಲಸ. ಮೊದಲನೆಯದಕ್ಕೆ ಕಂಪೆನಿ ಹಣ ಕೊಟ್ಟಿತು, ಅದರಲ್ಲೂ ಕೈ ಹಿಡಿದು ಕೊಟ್ಟಿತು. ಎರಡನೆಯದಕ್ಕೆ ಬಹುಪಾಲು ಅವನೇ ತನ್ನ ಸಂಬಳದಿಂದ ಹಾಕಿದ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದ ಸೋದರರು ಊರೂರು ತಿರುಗಿ ಬರೆಸಿಕೊಂಡು ತಂದರು. ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯನವರು. ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರಿಕೊಂಡ. ಆ ಮೇಲೆ ಅವನ ಹೆಂಡತಿಯಿಂದ ಆ ಸಂಗ್ರಹವನ್ನೆಲ್ಲ ಕಂಪೆನಿ 10,000 ಪೌಂಡಿಗೆ ಕೊಂಡಿತು. ಬದುಕಿದ್ದಾಗ ಕೊಡದ ಹಣವನ್ನು ಸತ್ತ ಮೇಲೆ ಕೊಟ್ಟಂತಾಯಿತು. ನಮ್ಮ ದುರ್ಗದ ಪಾಳೆಯಗಾರರ ಸಂಗತಿಗಳನ್ನು ಇಂದು ಯಾರಾದರೂ ಬರೆಯಹೊರಟರೆ ಆ ಕೈಫಿಯತ್ತುಗಳ ಕಡೆಗೆ ಒಮ್ಮೆಯಾದರೂ ತಿರುಗಲೇಬೇಕು. ಧರ್ಮಯ್ಯನವರಿಗೆ ತಿಂಗಳಿಗೆ ಏನು ಸಿಕ್ಕುತ್ತಿತ್ತೋ, ಮದಕರಿನಾಯಕರ ವಿಷಯದಲ್ಲಿ ನಾವು ಅದರ ಬಡ್ಡಿಯನ್ನು ಇನ್ನೂ ಉಣ್ಣುತ್ತಿದ್ದೇವೆ.

ಇವರಿಬ್ಬರ ಕಾಲದವನೇ ಆದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಾತ್ರ ಹಣಕ್ಕಾಗಿ ಒದ್ದಾಡಬೇಕಾಗಲಿಲ್ಲ. ಗವರ್ನರ್ ಜನರಲನೇ ಅವನನ್ನು ಕರೆದು, ಹೊಸದಾಗಿ ಗೆದ್ದ ಸೀಮೆಯ ಬೇಸಾಯ, ಕಸುಬು, ವ್ಯಾಪಾರ, ಜನರ ನಡೆನುಡಿ ಎಲ್ಲವನ್ನೂ ನೋಡಿ ಬರೆ ಎಂದು ಕಳಿಸಿದ್ದ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಮರುವರ್ಷ ನಮ್ಮ ಸೀಮೆಗೆ ಬಂದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಗ್ರಂಥದ ಮೂರನೆಯ ಸಂಪುಟದಲ್ಲಿ ನಗರದಿಂದ ಹೊರಟು ಇಕ್ಕೇರಿ, ಚಿತ್ರದುರ್ಗ ಸಂಸ್ಥಾನಗಳ ಮೂಲಕ ಹಿರಿಯೂರು ಮುಟ್ಟಿದ್ದು ಒಂದು ಅಧ್ಯಾಯ, ಹಿರಿಯೂರಿನಿಂದ ಶ್ರೀರಂಗಪಟ್ಟಣಕ್ಕೆ ನಡೆದದ್ದು ಮುಂದಿನ ಅಧ್ಯಾಯ. ಅಡಿಕೆ ತೋಟಗಳ ವಿಷಯ ಆ ಗ್ರಂಥದಲ್ಲಿ ಬಹಳಷ್ಟಿದೆ. ಸಸಿ ಹೇಗೆ ಎಬ್ಬಿಸುತ್ತಾರೆ, ಆಳಿಗೆ ಏನು ಕೂಲಿ, ಸರ್ಕಾರಕ್ಕೆ ಎಷ್ಟು ಪಾಲು ಎಂದು ರೈತರನ್ನು ಕೂರಿಸಿಕೊಂಡು ಕೇಳಿದ. ಕನ್ನಡ ಬಾರದ ಅವನು ದುಭಾಷಿಯ ಬಾಯಿಂದ ಕೇಳಿದ್ದು, ಒಂದೊಂದು ಊರಿನಲ್ಲಿ ಒಂದೆರಡು ದಿನ ನಿಂತು ಬರೆದದ್ದು, ಆದ್ದರಿಂದ ತಪ್ಪುಗಳೂ ಇರಬಹುದು. ಕೇಳಿದವನು ಕಂಪೆನಿಯ ನೌಕರ, ಹೇಳಿದವನು ಕಂದಾಯ ಕಟ್ಟುವವನು. ಅಂಥ ಕಡೆ ಫಸಲಿನ ಲೆಕ್ಕ ಎಷ್ಟು ನಿಜ ಹೇಳಿದ್ದಾರೋ ಎಂಬ ಅನುಮಾನ ನಮಗಂತೂ ಇದೆ. ನಾವಾಗಿದ್ದರೂ ಸ್ವಲ್ಪ ಕಡಿಮೆಯೇ ಹೇಳುತ್ತಿದ್ದೆವು.

ಇದರಿಂದ ಒಂದು ಮಾತು ಹೊಳೆಯುತ್ತದೆ. ಯಾತ್ರೆಗೆ ಹಣ ಯಾರು ಕೊಡುತ್ತಾರೋ ಪ್ರಶ್ನೆಯೂ ಅವರದೇ ಆಗುತ್ತದೆ. ಕಂಪೆನಿಗೆ ಕಂದಾಯದ ಪ್ರಶ್ನೆಯಿತ್ತು, ಬುಕಾನನ್ ಅದನ್ನು ಕೇಳಿದ. ಬರದಲ್ಲಿ ಯಾವ ಮರ ಉಳಿಯಿತು ಎಂಬ ಪ್ರಶ್ನೆ ನಮ್ಮದು. ನಾವೇ ಹಣ ಕೊಡದಿದ್ದರೆ ನಮ್ಮ ಪರವಾಗಿ ಅದನ್ನು ಕೇಳುವವರು ಯಾರು?

ನೆಲ ಅಗೆದವರೂ ನಮ್ಮ ಜಿಲ್ಲೆಗೆ ಬಂದಿದ್ದಾರೆ, ಅವರ ವಿಷಯ ಚಿಕ್ಕದಾಗಿ ಹೇಳುತ್ತೇವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1929-30ರಲ್ಲಿ ಚಂದ್ರವಳ್ಳಿಯಲ್ಲಿ ಅಗೆಸಿದರು. 1947ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ಅಗೆಸಿ, ಕಲ್ಲುಕೊಡಲಿಯ ಕಾಲದಿಂದ ಶಾತವಾಹನರ ಕಾಲದವರೆಗೆ ಪದರ ಪದರವಾಗಿ ಲೆಕ್ಕ ಕೊಟ್ಟ. ರೋಮಿನ ನಾಣ್ಯಗಳೂ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಇವೆಲ್ಲಕ್ಕಿಂತ ನಮ್ಮಂಥವರಿಗೆ ಹತ್ತಿರವಾದದ್ದು ಕೃಷ್ಣ ಅವರು ಅಲ್ಲಿ ಬಂಡೆಯ ಮೇಲೆ ಓದಿದ ಕದಂಬ ಮಯೂರಶರ್ಮನ ಶಾಸನ. ಆತ ಒಂದು ಕೆರೆ ಕಟ್ಟಿಸಿದನೆಂಬುದು ಅದರ ವಿಷಯ. ಹದಿನಾರು ಶತಮಾನಗಳ ಹಿಂದೆಯೂ ದುರ್ಗದಲ್ಲಿ ರಾಜನಾದವನು ಕಲ್ಲಿನಲ್ಲಿ ಬರೆಸುವಷ್ಟು ದೊಡ್ಡ ಸಂಗತಿ ನೀರೇ ಆಗಿತ್ತು.

ಕಾಫಿಯ ತವರಿಗೆ ಹೋದ ಐವರು

ನಮ್ಮ ಪತ್ರಿಕೆಯ ಹೆಸರಿನಲ್ಲಿ ಕಾಫಿಯೂ ಇದೆ, ಬಯಲುಸೀಮೆಯ ಸದಸ್ಯರು ಕಾಫಿಯ ವಿಷಯವೆಂದರೆ ಪುಟ ತಿರುಗಿಸುತ್ತಾರೆಂಬುದೂ ಗೊತ್ತು. ಈ ಸಲ ದಯವಿಟ್ಟು ತಿರುಗಿಸಬೇಡಿ. ನಮ್ಮ ವೇದಾವತಿಯ ನೀರು ಹುಟ್ಟುವುದು ಬಾಬಾಬುಡನ್ ಗಿರಿಯ ಕಡೆಯಿಂದಲೇ. ಆ ಗಿರಿಗೆ ಅರಬ್ ದೇಶದಿಂದ ಏಳು ಬೀಜ ತಂದರೆಂಬ ಐತಿಹ್ಯವಿರುವ ಬಾಬಾ ಬುಡನ್ ಅವರ ಯಾತ್ರೆಗೆ ಯಾವ ಸಮಿತಿಯೂ ಮಂಜೂರಾತಿ ಕೊಟ್ಟಂತೆ ಕಾಣುವುದಿಲ್ಲ.

ಹಾಗೆ ಬಂದದ್ದು ಕೆಲವೇ ಬೀಜವಾದ್ದರಿಂದ ಲೋಕದ ಬಹುಪಾಲು ಅರೇಬಿಕಾ ತೋಟಗಳು ಒಂದೇ ಮನೆತನದ ಮಕ್ಕಳಿದ್ದಂತೆ. ಒಂದಕ್ಕೆ ಹತ್ತಿದ ರೋಗ ಎಲ್ಲಕ್ಕೂ ಹತ್ತುತ್ತದೆ. 1869ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು, ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾಫಿ ಹೋಗಿ ಟೀ ಬಂತು. ನಮ್ಮ ಮಲೆನಾಡಿಗೂ ಅದು ಹಬ್ಬಿತು. ರೋಗ ತಡೆಯುವ ಗುಣ ಬೇಕಿದ್ದರೆ ಕಾಫಿ ತಾನಾಗಿ ಬೆಳೆಯುವ ಇಥಿಯೋಪಿಯದ ಕಾಡಿಗೇ ಹೋಗಬೇಕು. ಆ ಕಾಡೂ ಕಡಿದುಹೋಗುತ್ತಿತ್ತು.

ಕೊನೆಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಖರ್ಚು ಹೊತ್ತು 1964-65ರಲ್ಲಿ ಒಂದು ತಂಡ ಕಳಿಸಿತು. ಅಮೆರಿಕದ ಮೇಯರ್, ಪೂರ್ವ ಆಫ್ರಿಕದಲ್ಲಿ ಕಾಫಿಯ ಕೆಲಸ ಮಾಡುತ್ತಿದ್ದ ಫರ್ನಿ, ಬ್ರೆಜಿಲ್ಲಿನ ಮೊನಾಕೊ, ಕೀಟಶಾಸ್ತ್ರದ ಗ್ರೇಟ್‌ಹೆಡ್, ಅವರ ಜೊತೆಗೆ ನಮ್ಮ ಆರ್.ಎಲ್. ನರಸಿಂಹಸ್ವಾಮಿಯವರು. ನರಸಿಂಹಸ್ವಾಮಿಯವರ ಸಂಶೋಧನೆ ಬಾಳೆಹೊನ್ನೂರಿನದು. 1925ರಲ್ಲಿ ಮೈಸೂರು ಸಂಸ್ಥಾನ ತೆರೆದ ಕಾಫಿ ಪ್ರಯೋಗ ಕೇಂದ್ರವೇ ಮುಂದೆ ಕಾಫಿ ಮಂಡಲಿಯ ಕೇಂದ್ರ ಸಂಶೋಧನಾ ಸಂಸ್ಥೆಯಾಯಿತು. ತಂಡ ಕಾಡು ಹೊಕ್ಕು, ಸಂತೆ ಸುತ್ತಿ, ರೈತರ ಹಿತ್ತಿಲು ನೋಡಿ ಬೀಜ ಕೂಡಿಸಿತು. ಅದನ್ನು ಒಂದೇ ದೇಶದಲ್ಲಿಡದೆ ಭಾರತ, ಕೋಸ್ಟರೀಕ ಮೊದಲಾದ ಕಡೆಗಳಿಗೆ ಹಂಚಿದರು. ಒಂದು ಕಡೆ ಬೆಂಕಿ ಬಿದ್ದರೆ ಇನ್ನೊಂದು ಕಡೆ ಉಳಿಯಲಿ ಎಂದು. ವರದಿ 1968ರಲ್ಲಿ ರೋಮಿನಲ್ಲಿ ಅಚ್ಚಾಯಿತು.

ದೂರ ಹೋದರೇ ಸಿಗಬೇಕೆಂದೇನೂ ಇಲ್ಲ. ಕೆಂಟ್ ತಳಿಯೆಂದು ಕಾಫಿಯವರು ಹೇಳುವುದು ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಕಣ್ಣಿಟ್ಟು ಆರಿಸಿದ ಒಂದೇ ಒಂದು ಗಿಡದ ಸಂತಾನ. ಮುಂದೆ ಬಾಳೆಹೊನ್ನೂರಿನಿಂದ ಬಂದ ಎಸ್. 795ಕ್ಕೆ ಒಂದು ಕಡೆಯ ಪೋಷಕ ಅದೇ. ಅಡಿಕೆಯಲ್ಲಿ ಎರಡೂ ಬಗೆ ಉಂಟು. ವಿಟ್ಲದಲ್ಲಿ 1956ರಲ್ಲಿ ಸಂಶೋಧನಾ ಕೇಂದ್ರ ತೆರೆದ ಮೇಲೆ ಬೇರೆ ಬೇರೆ ದೇಶಗಳಿಂದ ಬೀಜ ತರಿಸಿದರು, ಚೀನಾದಿಂದ ಬಂದದ್ದರಲ್ಲಿ ಆರಿಸಿ 1972ರಲ್ಲಿ ಮಂಗಳ ತಳಿ ಬಿಡುಗಡೆ ಮಾಡಿದರು. ಕೊಳೆರೋಗದ ಮದ್ದು ಸಿಕ್ಕಿದ್ದೂ ಯಾರೋ ತೋಟಕ್ಕೆ ಬಂದು ಕೂತದ್ದರಿಂದ. ಮೈಸೂರು ಸರ್ಕಾರ ಕೆನಡಾದಿಂದ ಕರೆಸಿಕೊಂಡ ಲೆಸ್ಲಿ ಕೋಲ್‌ಮನ್ ಮಳೆಗಾಲದ ಮಲೆನಾಡಿನಲ್ಲಿ ಕೊಳೆತ ಕಾಯಿ ಹೆಕ್ಕಿ ನೋಡಿ 1910ರಲ್ಲಿ ಆ ರೋಗದ ಮೇಲೆ ಪುಸ್ತಿಕೆ ಪ್ರಕಟಿಸಿದ. ಇಂದಿಗೂ ನಾವು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಬಾಯಿಪಾಠ ಹೇಳುವ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದ ಕೀರ್ತಿ ಆತನಿಗೆ ಸಲ್ಲುತ್ತದೆ.

ನಮ್ಮದೇ ಒಂದು ಅರ್ಜಿ

ಇಲ್ಲಿ ನಮ್ಮ ಅವಿವೇಕವನ್ನೂ ಹೇಳಿಬಿಡಬೇಕು. ಇಪ್ಪತ್ತು ವರ್ಷಗಳ ಹಿಂದೆ, ಹೊಸದುರ್ಗದ ಕಡೆಯ ಕೆಲವು ತೋಟಗಳಲ್ಲಿ ಅಣಬೆ ರೋಗ ಕಂಡಾಗ, ನಾವು ಒಂದು ಕಚೇರಿಗೆ ಅರ್ಜಿ ಬರೆದೆವು. ಪದವಿ ಮಾಡಿದ ಹೆಮ್ಮೆಯಿಂದ ನಾಲ್ಕು ಪುಟ ಬರೆದೆವು. ಅಡಿಕೆಯ ಪ್ರಾಚೀನತೆ, ರೈತನ ಕಷ್ಟ, ಸರ್ಕಾರದ ಕರ್ತವ್ಯ ಎಲ್ಲವೂ ಅದರಲ್ಲಿತ್ತು. ಎಷ್ಟು ತೋಟ ನೋಡಬೇಕು, ಯಾರು ನೋಡುತ್ತಾರೆ, ಎಷ್ಟು ದಿನ, ಎಷ್ಟು ಹಣ ಎಂಬ ನಾಲ್ಕು ಸಾಲು ಮಾತ್ರ ಇರಲಿಲ್ಲ. ಎಂಟು ತಿಂಗಳ ಮೇಲೆ 'ಅನುದಾನ ಲಭ್ಯವಿರುವುದಿಲ್ಲ' ಎಂಬ ಒಂದು ಸಾಲಿನ ಉತ್ತರ ಬಂತು. ಆಗ ಬಹಳ ಸಿಟ್ಟು ಬಂದಿತ್ತು. ಈಗ ಆ ಅರ್ಜಿಯ ನಕಲು ತೆಗೆದು ಓದಿದರೆ, ಆ ಮೇಜಿನ ಹಿಂದೆ ನಾವೇ ಕುಳಿತಿದ್ದರೂ ಅದನ್ನೇ ಬರೆಯುತ್ತಿದ್ದೆವು ಅನ್ನಿಸುತ್ತದೆ. ಅಷ್ಟರಲ್ಲಿ ಬೇರಿನಿಂದ ಬೇರಿಗೆ ಹಬ್ಬುವ ಆ ರೋಗ ಒಬ್ಬ ಸದಸ್ಯರ ತೋಟದಲ್ಲಿ ಎರಡು ಸಾಲು ಮರ ತೆಗೆದುಕೊಂಡಿತ್ತು. ರೋಗದ ಮರದ ಸುತ್ತ ಕಾಲುವೆ ತೋಡಿ ಬೇರ್ಪಡಿಸಬೇಕೆಂಬ ಸಾದಾ ಮಾತು ಆ ಮನೆಯವರಿಗೆ ಹೇಳುವವರಿರಲಿಲ್ಲ.

ಆದ್ದರಿಂದ ಈ ನಾಲ್ವರ ಅರ್ಜಿಯನ್ನು ನಾವು ಹಾಗೇ ಮಹಾಸಭೆಗೆ ಇಡುತ್ತಿಲ್ಲ. ಅವರನ್ನು ಕರೆಸಿ ಎರಡು ಮಧ್ಯಾಹ್ನ ಕೂತು ತಿದ್ದಿಸಿದ್ದೇವೆ. ಅವರಿಗೆ ನಾವು ಕೇಳಿದ ಪ್ರಶ್ನೆಗಳು ತಮ್ಮ ಮನಸ್ಸಿನಲ್ಲೂ ಇರಬಹುದಾದ್ದರಿಂದ ಇಲ್ಲಿ ಬರೆಯುತ್ತೇವೆ.

ಉಳಿದ ಮರ ತನ್ನ ಗುಣದಿಂದ ಉಳಿಯಿತೋ, ಜಾಗದ ಗುಣದಿಂದಲೋ? ಬದುವಿನ ಪಕ್ಕ, ಬಚ್ಚಲ ನೀರು ಹರಿಯುವ ಕಡೆ, ಹಳೆಯ ಹಳ್ಳದ ಪಾತ್ರದ ಮೇಲೆ ನಿಂತ ಮರ ಯಾವ ಬರಕ್ಕೂ ಸಾಯುವುದಿಲ್ಲ, ಅದರಲ್ಲಿ ತಳಿಯ ಹಿರಿಮೆ ಏನೂ ಇಲ್ಲ. ಇದಕ್ಕಾಗಿಯೇ ಪ್ರತಿಯೊಂದು ಉಳಿದ ಮರದ ಜೊತೆಗೆ ಅದರ ನೆರೆಯ ಸತ್ತ ಮರಗಳ ಜಾಗವನ್ನೂ ಬರೆದುಕೊಳ್ಳುತ್ತೇವೆ ಎಂದರು. ಮೂರು ಅಡಿ ಆಚೆಯ ಮರ ಸತ್ತು ಇದು ಉಳಿದಿದ್ದರೆ ಮಾತ್ರ ಲೆಕ್ಕಕ್ಕೆ. ನಮಗೆ ಮೆಚ್ಚಿಗೆಯಾಯಿತು, ಮೂರು ಅಡಿಯಲ್ಲಿ ಯಾರೂ ಅಡಿಕೆ ನೆಡುವುದಿಲ್ಲ, ಒಂಬತ್ತು ಅಡಿ ಎಂದು ತಿದ್ದಿಕೊಳ್ಳಿ ಎಂದೆವು. ಹುಡುಗರು ನಕ್ಕು ತಿದ್ದಿಕೊಂಡರು.

ಸತ್ತ ಮರ ನೀರಿಲ್ಲದೆಯೇ ಸತ್ತದ್ದೋ? ಅಣಬೆ ರೋಗ ಹತ್ತಿದ ಮರದ ಸೋಗೆಯೂ ನೀರು ಸಾಲದ ಮರದಂತೆಯೇ ಹಳದಿಯಾಗಿ ಜೋತುಬೀಳುತ್ತದೆ. ಬುಡದಲ್ಲಿ ಕಂದು ರಸ ಒಸರಿತ್ತೇ, ಅಣಬೆ ಎದ್ದಿತ್ತೇ ಎಂದು ಮನೆಯವರನ್ನು ಕೇಳಿ ಬರೆಯಬೇಕೆಂದು ಸೇರಿಸಿದ್ದಾಯಿತು.

ಬೀಜ ಹಾಕಿದರೆ ತಾಯಿಯ ಗುಣ ಬರುತ್ತದೆಯೇ? ಇದು ಕಷ್ಟದ ಪ್ರಶ್ನೆ. ಅಡಿಕೆಯ ಹಿಂಗಾರಕ್ಕೆ ಬೇರೆ ಮರದ ಪರಾಗ ಬೀಳುವುದೇ ಹೆಚ್ಚು. ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಒಂದು ಮರದಿಂದ ಹತ್ತಾರು ಸಸಿ ಎಬ್ಬಿಸಿ, ನೀರು ಕಡಿಮೆ ಕೊಟ್ಟು ನೋಡಿ, ತಾಳಿದವನ್ನು ಮಾತ್ರ ಇಟ್ಟುಕೊಳ್ಳಬೇಕು. ಫಸಲು ನೋಡಲು ಆಮೇಲೆ ಐದಾರು ವರ್ಷ. ಈ ಯಾತ್ರೆಗೆ ಹಣ ಕೊಟ್ಟರೆ ಮುಂದಿನ ವರ್ಷ ಏನಾದರೂ ಸಿಗುತ್ತದೆಂದು ಯಾರೂ ತಿಳಿಯಬಾರದು. ಸಿಗುವುದು ಒಂದು ಪಟ್ಟಿ, ಒಂದು ಸಸಿಮಡಿ, ಅಷ್ಟೇ.

ಬೀಜ ಯಾರದು? ಇದನ್ನು ಕೇಳಿದವರು ಹೊಳಲ್ಕೆರೆಯ ಸದಸ್ಯೆಯೊಬ್ಬರು, ನಮಗೆ ಹೊಳೆದಿರಲಿಲ್ಲ. "ನಮ್ಮ ಮರದ ಬೀಜ ತಗಂಡೋಗಿ ನಾಳೆ ನಮಗೇ ಮಾರಿದ್ರೆ?" ಎಂದರು. ನ್ಯಾಯವಾದ ಮಾತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯಲ್ಲಿ ರೈತರು ತಾವು ಉಳಿಸಿಕೊಂಡು ಬಂದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಲು ಅವಕಾಶವಿದೆ. ಬೀಜ ಕೊಟ್ಟ ತೋಟದವರ ಹೆಸರು ಪುಸ್ತಕದಲ್ಲಿ ಮೊದಲು ಬರೆಯಬೇಕು, ಅವರ ಒಪ್ಪಿಗೆಯಿಲ್ಲದೆ ಒಂದು ಕಾಯಿಯೂ ಹೊರಗೆ ಹೋಗಬಾರದು ಎಂಬ ಷರತ್ತನ್ನು ಅರ್ಜಿಯಲ್ಲಿಯೇ ಸೇರಿಸಿದ್ದೇವೆ.

ಹಣದ ಮಾತು. ಸಂಘವೊಂದೇ ಪೂರ್ತಿ ಹೊರುವುದು ಬೇಡ. ಅರ್ಧವನ್ನು ಸಾಮಾನ್ಯ ಒಳಿತಿನ ನಿಧಿಯಿಂದ ಕೊಡಲು ಮಹಾಸಭೆ ಒಪ್ಪಿದರೆ, ಉಳಿದರ್ಧಕ್ಕೆ ಹೊರಗೆ ಕೇಳಲು ನಮಗೆ ಮುಖ ಬರುತ್ತದೆ. ತಾನೇ ಕೈಯಿಂದ ಹಾಕದವನಿಗೆ ಬೇರೆಯವರು ಕೊಡುವುದಿಲ್ಲ. ಊಟ, ವಸತಿಯನ್ನು ಆಯಾ ಊರಿನ ಸದಸ್ಯರು ವಹಿಸಿಕೊಂಡರೆ ಖರ್ಚು ಇನ್ನೂ ಇಳಿಯುತ್ತದೆ. ಮಣ್ಣಿನ ಪರೀಕ್ಷೆಗೆ ಹಿರಿಯೂರಿನ ಬಬ್ಬೂರು ಫಾರಂನವರನ್ನು ಕೇಳುವುದೆಂದು ಯೋಚನೆ. ನಾಲ್ವರೂ ಸಂಬಳ ಕೇಳಿಲ್ಲ. ಯಾತ್ರೆಯಲ್ಲಿ ಬರೆದ ಪುಸ್ತಕದ ಒಂದು ಪ್ರತಿ ಸಂಘದ ಕಚೇರಿಯಲ್ಲಿ ಯಾವ ಸದಸ್ಯರು ಬಂದರೂ ನೋಡುವಂತೆ ಇರತಕ್ಕದ್ದು, ರಸೀದಿಯಿಲ್ಲದ ಖರ್ಚು ಕೊಡತಕ್ಕದ್ದಲ್ಲ ಎಂಬೆರಡು ನಿಬಂಧನೆಗಳನ್ನು ನಮ್ಮ ಅಧ್ಯಕ್ಷರು ಸೇರಿಸಿದ್ದಾರೆ.

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ನಾವೂ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ಮಾರಿಕಣಿವೆಯಲ್ಲಿ ನಿಂತು ನೋಡಿದೆವು. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ನೀರು ತುಂಬಿದ ಮೇಲೆ ಎಲ್ಲರೂ ಹೊಸದಾಗಿ ಅಡಿಕೆ ಹಾಕುತ್ತಿದ್ದೇವೆ, ಎಲ್ಲಿಯದೋ ಸಸಿ, ಯಾರೋ ಹೇಳಿದ ತಳಿ. ಬರದಲ್ಲಿ ಉಳಿದ ಮರಗಳಲ್ಲಿ ಹಳೆಯವು ಈಗ ಒಂದೊಂದಾಗಿ ಗಾಳಿಗೆ ಬೀಳುತ್ತಿವೆ, ಕೆಲವನ್ನು ಹೊಸ ಸಾಲಿಗೆ ಅಡ್ಡವೆಂದು ನಾವೇ ಕಡಿಯುತ್ತಿದ್ದೇವೆ. ಅರ್ಜಿಗೆ ಅವಸರ ಬಂದಿರುವುದು ಇದರಿಂದ.

ಮಹಾಸಭೆಯ ಕಾರ್ಯಸೂಚಿಯಲ್ಲಿ ಇದು ಏಳನೆಯ ವಿಷಯ. ಊಟದ ಹೊತ್ತಿಗೆ ಬರುವ ವಿಷಯವೆಂದು ಎದ್ದುಹೋಗದೆ ಕೂತು ಕೇಳಿ, ವಿರೋಧವಿದ್ದರೆ ಎದ್ದು ನಿಂತು ಹೇಳಿ. ಮಹಾಸಭೆ ಏನೇ ತೀರ್ಮಾನಿಸಲಿ, ಅದಕ್ಕೆ ಮುನ್ನ ಒಂದು ಕೆಲಸ ಮಾತ್ರ ಎಲ್ಲರೂ ಮಾಡಬಹುದು. ತಮ್ಮ ತೋಟದಲ್ಲಿ ಅಂಥ ಮರವಿದ್ದರೆ ಎದೆಯೆತ್ತರಕ್ಕೆ ಸುಣ್ಣದ ಪಟ್ಟಿ ಬಳಿದು, ಸರ್ವೆ ನಂಬರಿನೊಡನೆ ಕಚೇರಿಗೆ ತಿಳಿಸಿ. ಫಸಲನ್ನು ಖೇಣಿಗೆ ಕೊಡುವವರು ಆ ಮರಗಳನ್ನು ಬಿಟ್ಟು ಮಾತಾಡಿಕೊಳ್ಳಿ. ನಮ್ಮ ಕಡೆ ಗೊನೆಯನ್ನು ಹಸಿಯಾಗಿಯೇ ಕೊಯ್ದು ಬೇಯಿಸುವುದರಿಂದ, ಹೇಳಿಡದಿದ್ದರೆ ಕೊಯ್ಯುವವರು ಅದನ್ನೂ ಇಳಿಸಿಬಿಡುತ್ತಾರೆ. ಬೀಜಕ್ಕೆ ಬೇಕಾದದ್ದು ಮರದಲ್ಲಿಯೇ ಹಣ್ಣಾದ ಕಾಯಿ.